ಸುರಂಗದ ನೀರಿನಲ್ಲಿ ಬಾಯಿ ತುಂಬ ಮರಿ

ಮೀನು ಸಾಕುವ ಗಾಜಿನ ಟ್ಯಾಂಕ್ ಸಿಕ್ಕಿದ್ದು ದೊಡ್ಡಮ್ಮನ ಮನೆಯ ಅಟ್ಟದಲ್ಲಿ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ. ಒಳಗೆ ಹಳೆಯ ಪಂಚಾಂಗಗಳನ್ನು ತುಂಬಿಸಿ ಇಟ್ಟಿದ್ದರು. "ಅದು ಸೋರ್ತದೆ, ಅದಕ್ಕೇ ಮೇಲೆ ಹಾಕಿದ್ದು" ಎಂದರು. ಗಾಜು ಎಲ್ಲೂ ಒಡೆದಿರಲಿಲ್ಲ. ಒಂದು ಮೂಲೆಯಲ್ಲಿ ಸಿಲಿಕೋನ್ ಸ್ವಲ್ಪ ಎದ್ದಿತ್ತು, ಅಷ್ಟೇ. ಏಪ್ರಿಲ್ ಮೊದಲ ವಾರ ಅದನ್ನು ಬೈಕಿನ ಹಿಂದೆ ಗೋಣಿಯಲ್ಲಿ ಸುತ್ತಿ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ಮನೆಗೆ ತಂದೆ.

ಮೊದಲು ಮಾಡಿದ್ದು ತಪ್ಪು ಕೆಲಸ. ಎದ್ದ ಜಾಗದ ಮೇಲೆಯೇ ಹೊಸ ಸಿಲಿಕೋನ್ ಬಳಿದೆ. ಎರಡು ದಿನ ಬಿಟ್ಟು ನೀರು ತುಂಬಿಸಿದರೆ ಅದೇ ಮೂಲೆಯಲ್ಲಿ ಮತ್ತೆ ಹನಿ. ಕಾರಣ ಸರಳ. ಒಣಗಿದ ಹಳೆಯ ಸಿಲಿಕೋನಿಗೆ ಹೊಸದು ಅಂಟುವುದಿಲ್ಲ. ಅದು ಅಂಟುವುದು ಶುದ್ಧ ಗಾಜಿಗೆ ಮಾತ್ರ. ಹಾಗಾಗಿ ಸೋರುವ ಒಂದು ಇಂಚನ್ನು ಮಾತ್ರ ಸರಿ ಮಾಡುತ್ತೇನೆ ಎಂದು ಹೊರಡಬೇಡಿ. ಒಳಗಿನ ಅಂಚಿನ ಪಟ್ಟಿಯನ್ನು ನಾಲ್ಕೂ ಸುತ್ತು, ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಕೆತ್ತಿ ತೆಗೆಯಬೇಕು.

ಕೆತ್ತಲು ನನಗೆ ಎರಡು ಸಂಜೆ ಹಿಡಿಯಿತು. ಶೇವಿಂಗ್ ಬ್ಲೇಡನ್ನು ಗಾಜಿಗೆ ಮಲಗಿಸಿ ತಳ್ಳಿದರೆ ಪಟ್ಟಿ ಉದ್ದಕ್ಕೆ ಎದ್ದು ಬರುತ್ತದೆ. ಎರಡು ಗಾಜುಗಳ ನಡುವೆ ಇರುವ ಸಿಲಿಕೋನಿಗೆ ಮಾತ್ರ ಬ್ಲೇಡ್ ತಾಗಿಸಬಾರದು. ಟ್ಯಾಂಕನ್ನು ಹಿಡಿದಿಟ್ಟಿರುವುದೇ ಅದು. ಕೊನೆಗೆ ಅಸಿಟೋನ್ ಹಾಕಿದ ಬಟ್ಟೆಯಲ್ಲಿ ಮೂರು ಸಲ ಒರೆಸಿದೆ. ಬೆರಳಿನ ಎಣ್ಣೆ ಇದ್ದರೂ ಹಿಡಿತ ಕೆಡುತ್ತದೆ. ಸಿಲಿಕೋನ್ ಕೊಳ್ಳುವಾಗ ಬೂಷ್ಟು ತಡೆಯುವ ಮದ್ದು ಸೇರಿಸಿದ ಬಾತ್‌ರೂಮಿನ ಟ್ಯೂಬ್ ಬೇಡ. ಆ ಮದ್ದು ಮೀನಿಗೆ ವಿಷ. ಹುಳಿ ವಾಸನೆ ಬರುವ ಸಾದಾ ಸಿಲಿಕೋನ್ ಸಾಕು.

ಬಳಿದ ಮರುದಿನವೇ ಬೇಸಗೆ ಮಳೆ ಸುರಿಯಿತು. ಇನ್ನು ಇದು ಒಣಗುವುದಿಲ್ಲ ಎಂದು ಹೆದರಿದ್ದೆ. ಹಾಗೇನೂ ಆಗಲಿಲ್ಲ. ಈ ಸಿಲಿಕೋನ್ ಗಟ್ಟಿಯಾಗುವುದೇ ಗಾಳಿಯಲ್ಲಿರುವ ತೇವದಿಂದ. ಐದು ದಿನ ಬಿಟ್ಟೆ. ವಾಸನೆ ಪೂರ್ತಿ ಹೋದ ಮೇಲೆ ಜಗಲಿಯಲ್ಲಿ ಹಳೆಯ ಪೇಪರ್ ಹಾಸಿ, ಅದರ ಮೇಲೆ ಟ್ಯಾಂಕ್ ಇಟ್ಟು ತುಂಬಿಸಿದೆ. ಒಂದು ಹನಿ ಸೋರಿದರೂ ಪೇಪರ್ ಹೇಳುತ್ತದೆ. ಎರಡು ದಿನವಾದರೂ ಪೇಪರ್ ಒಣಗಿಯೇ ಇತ್ತು.

ಮೊದಲು ಸೋರಲು ಶುರುವಾದದ್ದಕ್ಕೂ ಒಂದು ಕಾರಣ ಇರಬೇಕಲ್ವಾ? ದೊಡ್ಡಮ್ಮನನ್ನು ಕೇಳಿದೆ. ಅದನ್ನು ನೇರವಾಗಿ ಮುರಕಲ್ಲಿನ ಕಟ್ಟೆಯ ಮೇಲೆ ಇಟ್ಟಿದ್ದರಂತೆ. ಮುರಕಲ್ಲು ಎಂದೂ ಸಮ ಇರುವುದಿಲ್ಲ. ಒಂದು ಮೂಲೆ ಎತ್ತರವಾದರೂ ಅಷ್ಟು ನೀರಿನ ಭಾರ ಗಾಜನ್ನು ತಿರುಚುತ್ತದೆ, ಅಂಟು ಬಿಡುತ್ತದೆ. ನಾನು ಅರ್ಧ ಇಂಚು ದಪ್ಪದ ಥರ್ಮಕೋಲ್ ಹಾಸಿ ಅದರ ಮೇಲೆ ಇಟ್ಟೆ.

ಈಗ ಮೀನಿನ ವಿಷಯ.

ಬೆಟ್ಟಾ ಎಂದ ಕೂಡಲೇ ನೆನಪಾಗುವುದು ಅಂಗಡಿಯಲ್ಲಿ ಗಾಜಿನ ಬಾಟಲಿಯೊಳಗೆ ಒಂಟಿಯಾಗಿ ನಿಂತಿರುವ ಉದ್ದ ಬಾಲದ ಫೈಟರ್. ಅದು ಬೆಟ್ಟಾ ಸ್ಪ್ಲೆಂಡೆನ್ಸ್. ಅದರ ಗಂಡು ನೀರಿನ ಮೇಲೆ ನೊರೆಯ ಗೂಡು ಕಟ್ಟಿ ಮೊಟ್ಟೆ ಕಾಯುತ್ತದೆ. ಆದರೆ ಬೆಟ್ಟಾ ಕುಲದಲ್ಲಿ 70ಕ್ಕಿಂತ ಜಾಸ್ತಿ ಜಾತಿಗಳಿವೆ. ಅವುಗಳಲ್ಲಿ ಎಷ್ಟೋ ಜಾತಿಗಳು ಗೂಡು ಕಟ್ಟುವುದೇ ಇಲ್ಲ. ಗಂಡು ಮೊಟ್ಟೆಗಳನ್ನು ಬಾಯೊಳಗೆ ಇಟ್ಟುಕೊಂಡು, ಮರಿಯಾಗಿ ಈಜುವವರೆಗೆ ಊಟ ಬಿಟ್ಟು ಸಾಕುತ್ತದೆ. ಬೆಟ್ಟಾ ಪಗ್ನಾಕ್ಸ್, ಬೆಟ್ಟಾ ಯೂನಿಮ್ಯಾಕುಲೇಟಾ, ಬ್ರೂನೈ ಕಡೆಯ ದೊಡ್ಡ ಮೀನು ಬೆಟ್ಟಾ ಮ್ಯಾಕ್ರೊಸ್ಟೊಮಾ, ಇವೆಲ್ಲ ಆ ಗುಂಪಿನವು.

ನಾನು ಆರಿಸಿದ್ದು ಬೆಟ್ಟಾ ಆಲ್ಬಿಮಾರ್ಜಿನೇಟಾ. ಸಾಕುವವರ ಬಾಯಲ್ಲಿ ಸುಮ್ನೆ "ಆಲ್ಬಿ". ಬೋರ್ನಿಯೋ ದ್ವೀಪದ ಇಂಡೋನೇಷ್ಯಾ ಭಾಗದಲ್ಲಿರುವ ಸೆಬುಕು ನದಿಯ ಕಡೆಯದು. ಕೊಟೆಲಾಟ್ ಮತ್ತು ಎನ್‌ಜಿ ಎಂಬ ವಿಜ್ಞಾನಿಗಳು 1994ರಲ್ಲಿ ಇದಕ್ಕೆ ಹೆಸರು ಕೊಟ್ಟರು. ಬಿಳಿ ಅಂಚಿನದು ಎಂದು ಆ ಹೆಸರಿನ ಅರ್ಥ. ದೊಡ್ಡದಾದರೂ 5 ಸೆಂಟಿಮೀಟರ್ ಆಸುಪಾಸು. ಗಂಡಿಗೆ ಇಟ್ಟಿಗೆ ಕೆಂಪು ಮೈ, ರೆಕ್ಕೆಗಳಲ್ಲಿ ಕಪ್ಪು ಪಟ್ಟಿ, ಅದರ ಹೊರಗೆ ಸುಣ್ಣ ಎಳೆದ ಹಾಗೆ ಬಿಳಿ ಗೆರೆ. ಹೆಣ್ಣು ಒಣಗಿದ ಎಲೆಯ ಬಣ್ಣ. ಕಾಡಿನ ಸಣ್ಣ ತೊರೆಗಳ ಅಂಚಿನಲ್ಲಿ, ಉದುರಿದ ಎಲೆಗಳ ನಡುವೆ, ಗೇಣುದ್ದವೂ ಆಳವಿಲ್ಲದ ನೀರಿನಲ್ಲಿ ಬದುಕುತ್ತದೆ.

ಇದನ್ನು ಓದಿದಾಗ ನನಗೆ ನಮ್ಮ ತೋಟದ ಕೆಳಗಿನ ತೋಡು ಕಣ್ಣಿಗೆ ಬಂತು. ಮರದ ನೆರಳು, ಕೊಳೆತ ಎಲೆ, ತೆಳು ನೀರು. ನಮ್ಮ ತೋಡಿನಲ್ಲಿರುವ ಚನ್ನಾ ಗಾಚುವಾ ಎಂಬ ಗಿಡ್ಡ ಜಾತಿಯ ವರಾಲ್ ಕೂಡ ಹೀಗೆಯೇ. ಅದರ ಗಂಡು ಸಹ ಮರಿಗಳನ್ನು ಬಾಯಲ್ಲಿ ಸಾಕುತ್ತದೆ. ಚಿಕ್ಕಂದಿನಲ್ಲಿ ಗಾಳ ಹಾಕಿ ಅದನ್ನು ಹಿಡಿದಿದ್ದೇವೆ, ಅದರ ಬಾಯಲ್ಲಿ ಏನಿರಬಹುದು ಎಂದು ನೋಡಿದವರಿಲ್ಲ. ಈಗ ಮಳೆಗಾಲದಲ್ಲಿ ತೋಡಿಗೆ ಗಾಳ ಹಾಕುವ ಮಕ್ಕಳನ್ನು ಕಂಡರೆ ನಿಂತು ಹೇಳುತ್ತೇನೆ.

ಮೀನು ತಂದದ್ದು ಕೊಚ್ಚಿಯ ಒಬ್ಬ ಹವ್ಯಾಸಿಯಿಂದ. ಕಾಡಿನಿಂದ ಹಿಡಿದವು ನನಗೆ ಬೇಡವಾಗಿತ್ತು. ಅವರ ಮನೆಯಲ್ಲೇ ಹುಟ್ಟಿದ ಆರು ಎಳೆಯ ಮೀನು, ಒಂದಕ್ಕೊಂದು ಚೀಲ, ಥರ್ಮಕೋಲ್ ಪೆಟ್ಟಿಗೆ. ಕಾಸರಗೋಡಿನವರೆಗೆ ರೈಲಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಬಂದೆ. ಎಲ್ಲವೂ ಬದುಕಿದ್ದವು.

ಅವು ಬರುವ ಮೊದಲೇ ಟ್ಯಾಂಕಿನ ಒಳಗೆ ಬೇಕಾದ್ದನ್ನು ಹೊಂದಿಸಿದ್ದೆ. ನೀರು 8 ಇಂಚು ಮಾತ್ರ, ಸುಮಾರು 37 ಲೀಟರ್. ತಳದಲ್ಲಿ ತೆಳುವಾಗಿ ತೊಳೆದ ಮರಳು. ಅದರ ಮೇಲೆ ಶಾಲೆಯ ಅಂಗಳದ ಬಾದಾಮಿ ಮರದ ಕೆಂಪು ಎಲೆಗಳು. ಫೆಬ್ರವರಿಯಲ್ಲೇ ಎರಡು ಗೋಣಿ ಒಟ್ಟುಮಾಡಿ ಅಟ್ಟದಲ್ಲಿ ಒಣಗಿಸಿಟ್ಟಿದ್ದೆ. ಜೊತೆಗೆ ಒಂದಷ್ಟು ಒಣ ಹಲಸಿನ ಎಲೆ. ಅದು ಬಾದಾಮಿ ಎಲೆಗಿಂತ ನಿಧಾನವಾಗಿ ಕೊಳೆಯುತ್ತದೆ. ಮೂರು ತೆಂಗಿನ ಗೆರಟೆಗಳನ್ನು ಎರಡು ಸಲ ಕುದಿಸಿ, ನಾರು ಕೆರೆದು, ಒಂದು ಬದಿಯಲ್ಲಿ ಬಾಯಿ ಕೊರೆದು ಬೋರಲು ಇಟ್ಟೆ. ಕುದಿಸದಿದ್ದರೆ ಗೆರಟೆಯ ಎಣ್ಣೆ ನೀರಿನ ಮೇಲೆ ಪದರ ಕಟ್ಟುತ್ತದೆ. ಮೇಲೆ ತೇಲಲು ಸಾಲ್ವಿನಿಯಾ ಗಿಡ, ಮೂಲೆಯಲ್ಲಿ ಜಾವಾ ಮಾಸ್ ಎಂಬ ಹಾವಸೆಯ ಗಂಟು. ಸ್ಪಂಜ್ ಫಿಲ್ಟರ್ ಒಂದು. ಅದರ ಗಾಳಿಯ ಪಂಪನ್ನು ನೀರಿಗಿಂತ ಎತ್ತರದಲ್ಲಿ ಗೋಡೆಗೆ ನೇತು ಹಾಕಿದೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗುವುದು ದಿನದ ಮಾತು. ಪಂಪ್ ಕೆಳಗಿದ್ದರೆ ನಿಂತ ಕೂಡಲೇ ನೀರು ಪೈಪಿನಲ್ಲಿ ಹಿಂದಕ್ಕೆ ಇಳಿದು ನೆಲಕ್ಕೆ ಬರುತ್ತದೆ.

ಮುಚ್ಚಳ ಗಾಜಿನದು. ಬೆಟ್ಟಾಗಳು ನೀರಿನ ಮೇಲೆ ಬಂದು ಗಾಳಿಯನ್ನೂ ನುಂಗಿ ಉಸಿರಾಡುತ್ತವೆ. ಮೇಲಿನ ಗಾಳಿ ಬೆಚ್ಚಗೆ, ತೇವವಾಗಿ ಇರಬೇಕು. ಮುಚ್ಚಳ ಬೇಕಾದದ್ದು ಅದಕ್ಕೂ ಹೌದು, ಅವು ಹಾರುತ್ತವೆ ಎಂಬುದಕ್ಕೂ ಹೌದು. ಈ ಎರಡನೆಯದನ್ನು ನಾನು ಸಾಕಷ್ಟು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಗಾಳಿಯ ಪೈಪ್ ಹೋಗಲು ಮೂಲೆಯಲ್ಲಿ ಎರಡು ಬೆರಳು ಅಗಲದ ಜಾಗ ಬಿಟ್ಟಿದ್ದೆ. ಜೂನ್ ಕೊನೆಗೆ ಒಂದು ಬೆಳಗ್ಗೆ ಒಂದು ಗಂಡು ಗೋಡೆಯ ಬುಡದಲ್ಲಿ ಒಣಗಿ ಬಿದ್ದಿತ್ತು. ಅಂದೇ ಆ ಸಂದಿಗೆ ಸ್ಪಂಜ್ ತುರುಕಿದೆ. ಮೊದಲ ದಿನವೇ ಮಾಡಬೇಕಾಗಿದ್ದ ಐದು ನಿಮಿಷದ ಕೆಲಸ ಅದು.

ಅದಕ್ಕಿಂತ ಮೊದಲು ಆದ ಸಾವುಗಳನ್ನು ವಿವರವಾಗಿ ಬರೆಯುತ್ತೇನೆ. ಇದನ್ನೆಲ್ಲ ಬರೆಯಲು ಕೂತದ್ದೇ ಅದಕ್ಕಾಗಿ.

ನಮ್ಮ ಮನೆಗೆ ನೀರು ಬರುವುದು ಸುರಂಗದಿಂದ. ಕಾಸರಗೋಡಿನ ಈ ಭಾಗದಲ್ಲಿ, ಎಣ್ಮಕಜೆ, ಬಾಯಾರು, ಪೈವಳಿಕೆ ಕಡೆ, ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಒರತೆ ಹಿಡಿಯುವುದು ಹಳೆಯ ರೂಢಿ. ಒಬ್ಬ ಆಳು ನಿಂತು ಅಗೆಯುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಪಂಪ್ ಬೇಡ, ಕರೆಂಟ್ ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಮುರಕಲ್ಲಿನಲ್ಲಿ ಸುಣ್ಣದ ಅಂಶ ತೀರಾ ಕಡಿಮೆ. ಹಾಗಾಗಿ ಈ ನೀರು ಮೆದು, ಸ್ವಲ್ಪ ಹುಳಿ. ಬೋರ್ನಿಯೋದ ಕಾಡುತೊರೆಯ ಮೀನಿಗೂ ಬೇಕಾದದ್ದು ಅಂಥ ನೀರೇ. ಬೇರೆ ಊರಿನವರು ಆರ್‌ಒ ಯಂತ್ರ ಇಟ್ಟು ಅರ್ಧ ನೀರು ಚೆಲ್ಲಿ ಮಾಡಿಕೊಳ್ಳುವುದು ನಮಗೆ ಗುಡ್ಡವೇ ಕೊಟ್ಟಿದೆ ಎಂದು ನನಗೆ ತುಂಬ ಖುಷಿಯಾಗಿತ್ತು.

ಸುರಂಗದ ಬಾಯಲ್ಲಿ ಅಳೆದಾಗ ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಕೆಳಗೆ ಹೋದಷ್ಟೂ ಹುಳಿ ಜಾಸ್ತಿ) 5.4, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 34. ಅದೇ ನೀರನ್ನು ಬಾಲ್ದಿಯಲ್ಲಿಟ್ಟು ಒಂದು ದಿನ ಗಾಳಿ ಬಿಟ್ಟು ಅಳೆದರೆ ಪಿಎಚ್ 6.2. ನೆಲದೊಳಗಿನ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತದೆ, ಹೊರಗೆ ಬಂದ ಮೇಲೆ ಅದು ಹಾರಿಹೋಗುತ್ತದೆ. ಒರತೆ ನೀರು ಬಳಸುವವರು ಒಂದು ದಿನ ಬಿಟ್ಟು ಅಳೆಯಬೇಕು. ಆಗ ಸಿಗುವುದೇ ಅದರ ನಿಜವಾದ ಪಿಎಚ್. ಎಲೆ ಹಾಕಿದ ಟ್ಯಾಂಕಿನಲ್ಲಿ ಅದು 5.8ಕ್ಕೆ ಬಂದು ನಿಂತಿತು. ನೀರು ತೆಳು ಚಹಾದ ಬಣ್ಣ.

ಮೇ ತಿಂಗಳ ಕೊನೆಯಲ್ಲಿ ಸುರಂಗದ ಕೆಳಗೆ ಹೊಸ ಸಿಮೆಂಟ್ ತೊಟ್ಟಿ ಕಟ್ಟಿಸಿದೆವು. ಮೊದಲು ಮಣ್ಣಿನ ಗುಂಡಿಯಿತ್ತು, ಅದಕ್ಕೆ ಅಡಿಕೆ ಮರದ ದಂಬೆಯಲ್ಲಿ ನೀರು ಬೀಳುತ್ತಿತ್ತು. ತೊಟ್ಟಿ ಆದ ಮೇಲೆ ಸುರಂಗದ ಬಾಯಿಯವರೆಗೆ ಹತ್ತುವ ಕೆಲಸ ತಪ್ಪಿತು. ಜೂನ್ ಮೊದಲ ಭಾನುವಾರ ತೊಟ್ಟಿಯಿಂದಲೇ ಬಾಲ್ದಿ ತುಂಬಿ ಅರ್ಧ ಟ್ಯಾಂಕ್ ನೀರು ಬದಲಿಸಿದೆ. ಅದೇ ಸುರಂಗದ ನೀರು ಅಲ್ವಾ ಎಂದು ಅಳೆಯಲಿಲ್ಲ. ಒಂದು ಗಂಟೆಯೊಳಗೆ ಮೀನುಗಳು ಮೇಲೆ ಬಂದು ಏದುಸಿರು ಬಿಡತೊಡಗಿದವು. ಸಂಜೆಗೆ ಎರಡು ಸತ್ತವು.

ಆಮೇಲೆ ಅಳೆದೆ. ತೊಟ್ಟಿಯ ನೀರು ಪಿಎಚ್ 8.3, ಟಿಡಿಎಸ್ 140. ಟ್ಯಾಂಕಿನಲ್ಲಿ 7.7. ಹೊಸ ಸಿಮೆಂಟಿನಿಂದ ಸುಣ್ಣ ಬಿಡುತ್ತಲೇ ಇರುತ್ತದೆ. ಮೆದು ನೀರು ಅದನ್ನು ಇನ್ನೂ ಬೇಗ ಎಳೆದುಕೊಳ್ಳುತ್ತದೆ. ಆದರೆ ಸಾವಿಗೆ ಪಿಎಚ್ ಏರಿದ್ದೊಂದೇ ಕಾರಣ ಎನಿಸಲಿಲ್ಲ. ಅಮೋನಿಯಾ ಕಿಟ್ ಹಾಕಿದಾಗ 1 ಪಿಪಿಎಂ ತೋರಿಸಿತು. ಅಲ್ಲಿ ಅರ್ಥವಾಯಿತು. ಮೀನಿನ ಗಲೀಜಿನಿಂದ ಬರುವ ಅಮೋನಿಯಾ ಹುಳಿ ನೀರಿನಲ್ಲಿ ಅಮೋನಿಯಂ ಎಂಬ ರೂಪದಲ್ಲಿರುತ್ತದೆ. ಅದು ಮೀನಿಗೆ ಹೆಚ್ಚು ತೊಂದರೆ ಕೊಡುವುದಿಲ್ಲ. ಪಿಎಚ್ 6ರಲ್ಲಿ ವಿಷವಾಗಿರುವ ಪಾಲು ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಪಿಎಚ್ ಒಂದು ಅಂಕ ಏರಿದರೆ ಆ ಪಾಲು ಸುಮಾರು ಹತ್ತು ಪಟ್ಟು ಆಗುತ್ತದೆ. ಅಷ್ಟೇ ಅಲ್ಲ, ಅಮೋನಿಯಾವನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾ ಹುಳಿ ನೀರಿನಲ್ಲಿ ನಿಧಾನ. ಹಾಗಾಗಿ ನನ್ನ ಟ್ಯಾಂಕಿನಲ್ಲಿ ಅದು ಸದ್ದಿಲ್ಲದೆ ಕೂಡಿಕೊಂಡಿತ್ತು. ಮೀನುಗಳಿಗೆ ಏನೂ ಆಗಿರಲಿಲ್ಲ. ನಾನು ಸುಣ್ಣದ ನೀರು ಹೊಯ್ದು ಒಂದೇ ಗಂಟೆಯಲ್ಲಿ ಅದನ್ನು ವಿಷ ಮಾಡಿದೆ.

ಉಳಿದ ನಾಲ್ಕನ್ನು ಸುರಂಗದ ಬಾಯಿಯಿಂದ ತಂದ, ಗಾಳಿ ಬಿಟ್ಟ ನೀರು ತುಂಬಿದ ಟಬ್ಬಿಗೆ ಹಾಕಿದೆ. ಅಂದಿನಿಂದ ನಿಯಮ ಇಷ್ಟು. ನೀರು ಸುರಂಗದ ಬಾಯಿಯಿಂದ ಮಾತ್ರ. ಒಂದು ದಿನ ಗಾಳಿ. ಬದಲಿಸುವ ಮೊದಲು ಎರಡೂ ಕಡೆ ಅಳತೆ. ವಾರಕ್ಕೆ ಎರಡು ಸಲ, ಒಂದೊಂದು ಸಲ 4 ಲೀಟರ್. ಬಾಲ್ದಿಯನ್ನು ಮೇಲಿಟ್ಟು ಗಾಳಿಯ ಪೈಪಿಗೆ ಒಂದು ಗಂಟು ಹಾಕಿದರೆ ಹನಿಹನಿಯಾಗಿ ಇಳಿಯುತ್ತದೆ. ಇಡೀ 4 ಲೀಟರ್ ಇಳಿಯಲು ಒಂದೂವರೆ ಗಂಟೆ.

ಸುರಂಗದ ಬಾಯಿಯೇ ಬೇಕು ಎನ್ನಲು ಇನ್ನೊಂದು ಕಾರಣವೂ ಇದೆ. ಮಳೆ ಹಿಡಿಯುವ ಮೊದಲು, ಆಮೇಲೆ ಒಂದೂವರೆ ತಿಂಗಳಿಗೊಮ್ಮೆ, ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೋ ಹೊಡೆಯುತ್ತೇವೆ. ಮೈಲುತುತ್ತು ಮತ್ತು ಸುಣ್ಣ. ಮೈಲುತುತ್ತಿನಲ್ಲಿರುವುದು ತಾಮ್ರ. ಮೆದು, ಹುಳಿ ನೀರಿನಲ್ಲಿ ತಾಮ್ರ ಮೀನಿಗೆ ಇನ್ನೂ ಜಾಸ್ತಿ ಕೆಡುಕು. ಗಾಳಿಗೆ ಹಾರಿದ ಮದ್ದು ತೆರೆದ ತೊಟ್ಟಿಗೂ ಬೀಳುತ್ತದೆ, ತೋಟದಲ್ಲಿ ಬಿದ್ದ ಎಲೆಗೂ ಅಡಿಕೆ ಹಾಳೆಗೂ ಅಂಟುತ್ತದೆ. ತೋಟದ ಎಲೆ, ತೋಟದ ಹಾಳೆಯಲ್ಲಿ ನಿಂತ ನೀರಿನ ಸೊಳ್ಳೆಮರಿ, ಎರಡನ್ನೂ ನಾನು ಮುಟ್ಟುವುದಿಲ್ಲ. ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ಕಂಡ ಊರು ನಮ್ಮದು. ಮೇಲಿನಿಂದ ಸುರಿದದ್ದು ನೀರಿಗೆ ಇಳಿದೇ ಇಳಿಯುತ್ತದೆ ಎಂಬುದನ್ನು ನಮಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಊಟಕ್ಕೆ ಬೇಕಾದ ಸೊಳ್ಳೆಮರಿಯನ್ನು ಮನೆಯ ಹಿಂದೆ ಬಾಲ್ದಿಯಲ್ಲೇ ಬೆಳೆಸಿದೆ. ಸುರಂಗದ ನೀರು, ಒಂದು ಹಿಡಿ ಒಣಹುಲ್ಲು. ರಾತ್ರಿ ತೆರೆದಿಟ್ಟು ಬೆಳಗ್ಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿಬಿಡುವುದು. ನಾಲ್ಕನೇ ದಿನ ಇಡೀ ಬಾಲ್ದಿ ಸೋಸಿ ಖಾಲಿ ಮಾಡುವುದು. ಒಂದು ದಿನವೂ ಮರೆಯಬಾರದು. ವಾರ ಕಳೆದರೆ ಅವು ಸೊಳ್ಳೆಯಾಗುತ್ತವೆ, ಡೆಂಗಿಯ ಊರಿನಲ್ಲಿ ಅದು ಅಪರಾಧವೇ. ಮರೆಯುವವರು ಇದಕ್ಕೆ ಕೈ ಹಾಕದೆ ಗ್ರಿಂಡಲ್ ಹುಳು ಎಂಬ ಸಣ್ಣ ಬಿಳಿ ಹುಳುವನ್ನು ಸಾಕಲಿ.

ಏಪ್ರಿಲ್ ಮೇಯಲ್ಲಿ ಟ್ಯಾಂಕ್ ಇಟ್ಟ ಕೋಣೆ 31 ಡಿಗ್ರಿ ಇರುತ್ತದೆ. ಆಲ್ಬಿಗೆ 24ರಿಂದ 27 ಹಿತ. ಸಣ್ಣ ಫ್ಯಾನ್ ನೀರಿನ ಮೇಲೆ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ಅದರಲ್ಲೇ ದಿನ ತಳ್ಳಿದೆ. ಮಳೆ ಹಿಡಿದ ಮೇಲೆ ನೀರು ತಾನಾಗಿ 25ಕ್ಕೆ ಇಳಿಯಿತು. ಜುಲೈಯಲ್ಲಿ ಹೆಣ್ಣು ಬಣ್ಣ ಬದಲಿಸಿತು.

ಆಗ ಉಳಿದಿದ್ದದ್ದು ಮೂರೇ ಮೀನು. ಗಂಡು ಒಂದು, ಹೆಣ್ಣು ಎರಡು. ದೊಡ್ಡ ಹೆಣ್ಣು ಚಿಕ್ಕದನ್ನು ಮೂಲೆಗೆ ಅಟ್ಟಿ ತಾನೇ ಗಂಡಿನ ಬೆನ್ನು ಹಿಡಿಯಿತು. ಈ ಜಾತಿಯಲ್ಲಿ ಮುಂದೆ ಬರುವುದು ಹೆಣ್ಣೇ. ಗೆರಟೆಯ ಬಾಯಲ್ಲಿ, ಎಲೆಯ ಮೇಲೆ, ಗಂಡು ತನ್ನ ಮೈಯನ್ನು ಬಾಗಿಸಿ ಹೆಣ್ಣನ್ನು ಸುತ್ತಿಕೊಳ್ಳುತ್ತದೆ. ಮೊದಮೊದಲು ಸುಮ್ನೆ ಸುತ್ತುವುದು, ಬಿಡುವುದು. ಆಮೇಲೆ ಒಂದು ಸುತ್ತಿಗೆ ನಾಲ್ಕೈದು ಬಿಳಿ ಮೊಟ್ಟೆ. ಸಾಸಿವೆ ಕಾಳಿನಷ್ಟು. ಅವು ಗಂಡಿನ ಕೆಳಗಿನ ರೆಕ್ಕೆಯ ಮೇಲೆ ಬೀಳುತ್ತವೆ. ಹೆಣ್ಣು ಒಂದೊಂದನ್ನೇ ಬಾಯಲ್ಲಿ ಎತ್ತಿ ಗಂಡಿನ ಮುಖದ ಮುಂದೆ ಉಗುಳುತ್ತದೆ. ಗಂಡು ಹಿಡಿಯುತ್ತದೆ. ಕೆಲವು ಸಲ ಹೆಣ್ಣು ಉಗುಳುವ ಹಾಗೆ ಮಾಡಿ ಮತ್ತೆ ಬಾಯಿಗೆ ಎಳೆದುಕೊಳ್ಳುತ್ತದೆ, ಗಂಡು ಕಾಯುತ್ತದೆ. ಸಂಜೆ ನಾಲ್ಕರಿಂದ ರಾತ್ರಿ ಎಂಟರವರೆಗೆ ನಾನೂ ಅಮ್ಮನೂ ನೆಲದ ಮೇಲೆ ಕೂತು ನೋಡಿದೆವು. ಅಮ್ಮ ಒಲೆ ಮೇಲಿಟ್ಟ ಹಾಲು ಉಕ್ಕಿಹೋಯಿತು.

ಗಂಡಿನ ಗಲ್ಲದ ಕೆಳಗೆ ಚೀಲ ಕಟ್ಟಿದ ಹಾಗೆ ಉಬ್ಬಿತ್ತು. ಮೂರನೇ ದಿನ ಬೆಳಗ್ಗೆ ಉಬ್ಬು ಇಲ್ಲ. ಸೊಳ್ಳೆಮರಿ ಹಾಕಿದರೆ ಬಂದು ತಿಂದಿತು. ನುಂಗಿಬಿಟ್ಟಿತ್ತು.

ಎಳೆಯ ಗಂಡು ಮೊದಲ ಸಲ ಹೀಗೆ ಮಾಡುವುದು ಸಾಮಾನ್ಯ ಎಂದು ಓದಿದ್ದೆ, ಹಾಗಾಗಿ ಬೇಸರ ಮಾಡಲಿಲ್ಲ. ಜುಲೈ ಕೊನೆಯಲ್ಲಿ ಮತ್ತೆ ಕೂಡಿದವು. ಈ ಸಲ ಎಂಟು ದಿನ ಹಿಡಿದುಕೊಂಡಿತು. ಎಂಟನೇ ದಿನ ನನಗೆ ತಾಳ್ಮೆ ತಪ್ಪಿತು. ಮರಿ ಬಿಟ್ಟರೆ ಹೆಣ್ಣುಗಳು ತಿಂದುಬಿಟ್ಟಾವು ಎಂಬ ಹೆದರಿಕೆಯಿಂದ ಗಂಡನ್ನು ಬಲೆಯಲ್ಲಿ ಹಿಡಿದು ಬೇರೆ ಟಬ್ಬಿಗೆ ಹಾಕಿದೆ. ಹಿಡಿಯಲು ಎಲೆ ಸರಿಸಿ, ಗೆರಟೆ ಎತ್ತಿ ಹತ್ತು ನಿಮಿಷ ಓಡಿಸಿದ್ದೆ. ಮರುದಿನ ಬೆಳಗ್ಗೆ ಗಲ್ಲ ಬರಿದು. ಟಬ್ಬಿನಲ್ಲಿ ಒಂದು ಮರಿಯೂ ಇಲ್ಲ. ಆ ದಿನ ಬೇಸರವಾಯಿತು. ಎಂಟು ದಿನ ಉಪವಾಸ ಇದ್ದು ಕಾದದ್ದನ್ನು ನಾನು ಒಂದು ಬಲೆಯಿಂದ ಹಾಳು ಮಾಡಿದೆ.

ಆಗ ಒಂದು ವಾರ ಏನನ್ನೂ ಮುಟ್ಟದೆ ದಿನವೂ ಸ್ವಲ್ಪ ಹೊತ್ತು ನೋಡುತ್ತ ಕೂತೆ. ಗಂಡು ಯಾವಾಗ ಬೆದರುತ್ತದೆ ಎಂದು ಚೀಟಿಯಲ್ಲಿ ಬರೆದುಕೊಂಡೆ. ಚಿಕ್ಕ ಹೆಣ್ಣು ಗೆರಟೆಯ ಹತ್ತಿರ ಬಂದಾಗ. ದೊಡ್ಡ ಹೆಣ್ಣು ಅದನ್ನು ಅಟ್ಟಿಕೊಂಡು ಟ್ಯಾಂಕ್ ಪೂರ್ತಿ ಓಡಿದಾಗ. ಎಲ್ಲಕ್ಕಿಂತ ಜಾಸ್ತಿ, ರಾತ್ರಿ ಕತ್ತಲೆಯಲ್ಲಿ ಯಾರಾದರೂ ನೀರು ಕುಡಿಯಲು ಎದ್ದು ಟ್ಯೂಬ್‌ಲೈಟ್ ಹಾಕಿದಾಗ. ಆಗ ಅದು ಗಾಜಿಗೆ ಬಡಿಯುವಷ್ಟು ಹಾರುತ್ತಿತ್ತು. ಮೊದಲ ಸಲ ನುಂಗಿದ್ದು ಎಳೆಯ ಪ್ರಾಯದಿಂದಲೇ ಎಂದು ನಾನು ಈಗ ಹೇಳುವುದಿಲ್ಲ.

ಮೂರು ಬದಲಾವಣೆ ಮಾಡಿದೆ. ಚಿಕ್ಕ ಹೆಣ್ಣನ್ನು ಬೇರೆ ಟಬ್ಬಿಗೆ ಕಳಿಸಿದೆ, ಮೊಟ್ಟೆ ಇಡುವುದಕ್ಕಿಂತ ಮೊದಲೇ. ಟ್ಯಾಂಕಿನ ಮೂರು ಬದಿಗೆ ಅಮ್ಮನ ಹಳೆಯ ಕೈಮಗ್ಗದ ಸೀರೆಯ ತುಂಡು ಕಟ್ಟಿದೆ, ಎದುರಿಗೆ ಎತ್ತಿ ನೋಡುವ ಹಾಗೆ ಒಂದು ಪರದೆ. ಕೋಣೆಯಲ್ಲಿ ರಾತ್ರಿಯಿಡೀ ಉರಿಯುವ ಒಂದು ಝೀರೋ ಬಲ್ಬ್ ಹಾಕಿದೆ, ಕತ್ತಲೆಯಿಂದ ಒಮ್ಮೆಲೇ ಬೆಳಕಾಗಬಾರದು ಎಂದು. ಗಂಡಿಗೆ ಆ ವಾರವೆಲ್ಲ ದಿನಕ್ಕೆ ಎರಡು ಹೊತ್ತು ಹೊಟ್ಟೆ ತುಂಬ ಸೊಳ್ಳೆಮರಿ. ಉಪವಾಸಕ್ಕೆ ಮೊದಲು ಮೈ ತುಂಬಿಕೊಂಡಿರಬೇಕು.

ಆಗಸ್ಟ್ 24ರ ಸಂಜೆ ಮೂರನೇ ಸಲ. ಅಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರು, ಹಸು ಗಬ್ಬವಾದ ದಿನ ಬರೆದಿಡುವ ಅದೇ ಕ್ಯಾಲೆಂಡರ್.

ಮೂರನೇ ದಿನ ಪರದೆ ಎತ್ತಲು ಕೈ ಬರಲಿಲ್ಲ. ಎತ್ತಿದೆ. ಗಲ್ಲ ಉಬ್ಬಿಯೇ ಇತ್ತು. ಆಮೇಲೆ ದಿನಕ್ಕೆ ಒಂದೇ ಸಲ, ಬೆಳಗ್ಗೆ, ಅರ್ಧ ನಿಮಿಷ. ಹೆಣ್ಣಿಗೆ ಎದುರಿನ ಮೂಲೆಯಲ್ಲಿ ಏಳೆಂಟು ಸೊಳ್ಳೆಮರಿ. ನೀರು ಬದಲಾವಣೆ ನಿಲ್ಲಿಸಲಿಲ್ಲ, ಆದರೆ 4 ಲೀಟರನ್ನು 2ಕ್ಕೆ ಇಳಿಸಿ ಇನ್ನೂ ನಿಧಾನ ಹನಿಸಿದೆ. ಗಂಡು ಎಲೆಗಳ ನಡುವೆ ಒಂದೇ ಜಾಗದಲ್ಲಿ ನಿಂತಿರುತ್ತಿತ್ತು. ಆಗಾಗ ಅಗಿಯುವ ಹಾಗೆ ಬಾಯಿ ಆಡಿಸಿ ಮೊಟ್ಟೆಗಳನ್ನು ಹೊರಳಿಸುತ್ತಿತ್ತು. ಬಣ್ಣ ಮಾಸಿತು. ಹತ್ತನೇ ದಿನದ ಹೊತ್ತಿಗೆ ಹೊಟ್ಟೆ ಒಳಗೆ ಹೋಗಿತ್ತು, ತಲೆ ಮಾತ್ರ ದೊಡ್ಡದಾಗಿ ಕಾಣುತ್ತಿತ್ತು. ಹೆಣ್ಣು ಹೆಚ್ಚಿನ ಹೊತ್ತು ಎರಡು ಮೂರು ಇಂಚು ದೂರದಲ್ಲಿ ನಿಲ್ಲುತ್ತಿತ್ತು. ಅದನ್ನು ತೆಗೆಯಬೇಕು ಎನ್ನುವವರು ಇದ್ದಾರೆ. ಒಂಟಿ ಜೋಡಿಯಾದರೆ ತೆಗೆಯಬೇಡಿ ಎಂಬುದು ನನ್ನ ಅಭಿಪ್ರಾಯ. ತೆಗೆಯಲು ಬಲೆ ಹಾಕುವುದರಿಂದ ಆಗುವ ಗಲಾಟೆಯೇ ಅದಕ್ಕಿಂತ ದೊಡ್ಡದು.

ಆ ದಿನಗಳಲ್ಲಿ ಒಮ್ಮೆ ಗಾಳಿಮಳೆಗೆ ಮರ ಬಿದ್ದು 19 ಗಂಟೆ ಕರೆಂಟ್ ಇರಲಿಲ್ಲ. ಬೈಕಿನ ಬ್ಯಾಟರಿಗೆ ಕಟ್ಟುವ ಸಣ್ಣ ಡಿಸಿ ಪಂಪ್ ಮೊದಲೇ ತಂದಿಟ್ಟಿದ್ದೆ. ಬೆಟ್ಟಾ ಮೇಲಿನ ಗಾಳಿಯಿಂದ ಬದುಕುತ್ತದೆ ನಿಜ. ಆದರೆ ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾ ಉಸಿರಿಲ್ಲದೆ ಸಾಯುತ್ತದೆ. ಜೂನಿನ ಅಮೋನಿಯಾ ಪಾಠ ಆದ ಮೇಲೆ ನನಗೆ ಸ್ಪಂಜ್ ಸಹ ಸಾಕುಪ್ರಾಣಿಯೇ.

ಸೆಪ್ಟೆಂಬರ್ 9, ಹದಿನಾರನೇ ದಿನ. ಪರದೆ ಎತ್ತಿದಾಗ ಸಾಲ್ವಿನಿಯಾದ ಬೇರುಗಳ ನಡುವೆ ಏನೋ ಸರಿಯಿತು. ಕಣ್ಣು ಹೊಂದಿಸಿ ನೋಡಿದರೆ ಅರ್ಧ ಸೆಂಟಿಮೀಟರ್ ಉದ್ದದ ಮರಿ. ಎರಡು ಕಪ್ಪು ಕಣ್ಣು, ಪೂರ್ತಿ ಆಕಾರ, ತಾಯಿಯ ಹಾಗೆ ಕಂದು. ಫೈಟರ್ ಮರಿಯ ಹಾಗೆ ದಾರದ ತುಂಡಿನಂತೆ ಇರಲಿಲ್ಲ. ಗಂಡಿನ ಗಲ್ಲ ಇನ್ನೂ ಅರ್ಧ ಉಬ್ಬಿತ್ತು. ನಾನು ನೋಡುತ್ತಿರುವಾಗಲೇ ಬಾಯಿ ತೆರೆದು ಇನ್ನೊಂದನ್ನು ಹೊರಗೆ ಬಿಟ್ಟಿತು. ಅಮ್ಮನನ್ನು ಕೂಗಿದೆ. ಸಂಜೆಯ ಹೊತ್ತಿಗೆ ಎಣಿಸಲು ಸಿಕ್ಕಿದ್ದು 14. ಮೂರು ದಿನ ಬಿಟ್ಟು ಟಾರ್ಚನ್ನು ಬದಿಯಿಂದ ಹಿಡಿದು ಎಣಿಸಿದಾಗ 19.

ಗಂಡಿಗೆ ಅಂದು ಮೂರೇ ಸೊಳ್ಳೆಮರಿ ಕೊಟ್ಟೆ. ಒಮ್ಮೆಲೇ ಜಾಸ್ತಿ ಕೊಡಬೇಡ, ಬಾಣಂತಿಗೆ ಮೊದಲ ದಿನ ಗಂಜಿಯೇ ಎಂದು ಅಮ್ಮ ಹೇಳಿದರು. ಅದು ಮೊದಲನೆಯದನ್ನು ಬಾಯಿಗೆ ತೆಗೆದುಕೊಂಡು, ಉಗುಳಿ, ಮತ್ತೆ ತೆಗೆದುಕೊಂಡಿತು. ಇದು ಮರಿಯೋ ಊಟವೋ ಎಂದು ನೋಡುತ್ತಿದೆಯೇನೋ ಎನಿಸಿತು.

ಮರುದಿನ ಟ್ಯಾಂಕಿನ ನಡುವೆ ಸ್ಪಂಜಿನ ಅಡ್ಡಗೋಡೆ ಇಳಿಸಿ ಹೆಣ್ಣನ್ನು ಬೇರೆ ಮಾಡಿದೆ. ಒಟ್ಟಿಗೆ ಬಿಟ್ಟರೆ ಕೆಲವೇ ದಿನಗಳಲ್ಲಿ ಮತ್ತೆ ಮೊಟ್ಟೆ, ಮತ್ತೆ ಉಪವಾಸ. ಹಾಗೆ ಸತತ ಆದರೆ ಗಂಡು ಸೊರಗಿ ಸಾಯುತ್ತದೆ. ನಾಲ್ಕು ವಾರ ತಿನ್ನಿಸಿದ ಮೇಲೆಯೇ ಗೋಡೆ ತೆಗೆದದ್ದು.

ಮರಿಗಳು ಗಂಡಿನ ಬದಿಯಲ್ಲೇ ಇದ್ದವು. ಹೊಟ್ಟೆ ತುಂಬಿದ್ದ ಗಂಡು ಅವುಗಳನ್ನು ಒಮ್ಮೆಯೂ ಅಟ್ಟಲಿಲ್ಲ. ಹುಟ್ಟಿದ ದಿನದಿಂದಲೇ ಅವು ಆರ್ಟೀಮಿಯಾ ಎಂಬ ಪುಟ್ಟ ಸೀಗಡಿಯಂಥ ಜೀವಿಯ ಮರಿ ತಿನ್ನುತ್ತವೆ. ಅದರ ಮೊಟ್ಟೆ ಒಡೆಸಲು ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು. ನಮ್ಮ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾವನ್ನೂ ಸೇರಿಸಬೇಕು. ಆರ್ಟೀಮಿಯಾ ಉಪ್ಪುನೀರಿನ ಜೀವಿ, ಅದಕ್ಕೆ ಪಿಎಚ್ 8ರ ಮೇಲಿರಬೇಕು. ಮೀನಿಗೆ ಒಳ್ಳೆಯದಾದ ಸುರಂಗದ ನೀರಿನಲ್ಲಿ ಅದರ ಮೊಟ್ಟೆ ಸರಿಯಾಗಿ ಒಡೆಯಲಿಲ್ಲ. 28 ಡಿಗ್ರಿಯಲ್ಲಿ 24 ಗಂಟೆ, ಮಳೆಯ ಚಳಿಗೆ 36. ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು, ಡ್ರಾಪರಿನಲ್ಲಿ ಹಾಕಿದೆ. ತಿಂದ ಮರಿಯ ಹೊಟ್ಟೆ ಕಿತ್ತಳೆ ಬಣ್ಣದ ಚುಕ್ಕಿಯಾಗಿ ಕಾಣುತ್ತದೆ. ಯಾವುದಕ್ಕೆ ಸಿಕ್ಕಿಲ್ಲ ಎಂದು ಹುಡುಕಬೇಕಾಗಿಲ್ಲ.

ಎರಡು ಮರಿ ಎರಡನೇ ವಾರದಲ್ಲಿ ಕಾಣೆಯಾದವು. ತೋಡಿನಿಂದ ತಂದು ಹಾಕಿದ್ದ ಒಂದು ಗಿಡದ ಬುಡದಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಹುಳು ಸಿಕ್ಕಿತು. ಅದು ಬಾಯಿ ಚಾಚಿ ಮೀನುಮರಿಯನ್ನೇ ಹಿಡಿಯುತ್ತದೆ. ಈಗ ಹೊರಗಿನ ಗಿಡ ಯಾವುದೇ ಇರಲಿ, ಮೂರು ವಾರ ಬೇರೆ ಬಾಲ್ದಿಯಲ್ಲಿ ಇದ್ದು ಬರಬೇಕು.

ಸಿಮೆಂಟ್ ತೊಟ್ಟಿಗೆ ಏನಾಯಿತು ಎಂದರೆ, ಹರಿಯುವ ನೀರಿನಲ್ಲಿ ನಾಲ್ಕು ತಿಂಗಳು ಇದ್ದ ಮೇಲೆ ಅಕ್ಟೋಬರಿನಲ್ಲಿ ಅದರ ಪಿಎಚ್ 7.1ಕ್ಕೆ ಇಳಿದಿತ್ತು. ಗೋಡೆಗೆ ಪಾಚಿ ಹಿಡಿದಿದೆ. ಹಸುಗಳಿಗೆ, ತರಕಾರಿಗೆ ಅದೇ ನೀರು. ಮೀನಿಗೆ ಮಾತ್ರ ನಾನು ಈಗಲೂ ಬಾಲ್ದಿ ಹಿಡಿದು ಸುರಂಗದ ಬಾಯಿಗೆ ಹತ್ತುತ್ತೇನೆ.

ಹದಿನೇಳು ಮರಿಗಳೂ ಈಗ ಮೂರೂವರೆ ತಿಂಗಳಿನವು, ಎರಡೂವರೆ ಸೆಂಟಿಮೀಟರ್ ದಾಟಿವೆ. ಎಲ್ಲವೂ ಕಂದು ಬಣ್ಣದವೇ ಆಗಿದ್ದವು. ಕಳೆದ ವಾರ ಒಂದರ ರೆಕ್ಕೆಯ ತುದಿಯಲ್ಲಿ ಕೂದಲೆಳೆಯಷ್ಟು ಬಿಳಿ ಕಂಡಿತು. ಇವತ್ತು ಬೆಳಗ್ಗೆ ಅಮ್ಮ ಪರದೆ ಎತ್ತಿ ನೋಡಿ, ಬಿಳಿ ಗೆರೆ ಬಂದವು ಆರಾಗಿವೆ ಎಂದು ಕ್ಯಾಲೆಂಡರಿನಲ್ಲಿ ಬರೆದಿದ್ದಾರೆ.